ನನ್ನ ಗಂಡ ಓಡಿಸದ ಕಾರು

ನಿಮಗೆ ಹೀಗಾಗಿದೆಯಾ? ನಿಮ್ಮ ಮನೆಯವರು ಯಾರೋ ಒಬ್ಬರು ಗಾಡಿ ಗುದ್ದಿಸಿಕೊಂಡು ಬಂದಿದ್ದಾರೆ, ಠಾಣೆಗೆ ಹೋಗಿ ‘ಓಡಿಸಿದ್ದು ನಾನೇ’ ಅಂತ ಹೇಳಲು ಮನೆಯವರೆಲ್ಲ ಸೇರಿ ಇನ್ನೊಬ್ಬರನ್ನು ಕಳಿಸಿದ್ದಾರೆ. ಆಗಿದೆಯಾ ಇಲ್ಲವಾ? ಓದಿ ಸುಮ್ಮನೆ ಮುಂದೆ ಹೋಗಬೇಡಿ, ಸ್ವಲ್ಪ ನೆನಪಿಸಿಕೊಳ್ಳಿ. ನಮ್ಮ ರಾಯಚೂರು ಕಡೆ ಇದು ಎಷ್ಟು ಮಾಮೂಲು ಅಂದರೆ ಇದನ್ನು ಯಾರೂ ಸುಳ್ಳು ಅಂತಲೇ ಕರೆಯುವುದಿಲ್ಲ. ‘ಹೆಸರಿಗೆ ನಿಲ್ಲೋದು’ ಅನ್ನುತ್ತಾರೆ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ ಲೈಸೆನ್ಸ್ ಇರುವ ಅಣ್ಣನೋ, ಅಳಿಯನೋ, ಅಂಗಡಿಯ ಆಳೋ ಹೆಸರಿಗೆ ನಿಲ್ಲುತ್ತಾನೆ. ಮದುವೆಗೆ ಪಾತ್ರೆ ಕಡ ಕೇಳಿದಷ್ಟು ಸಲೀಸಾಗಿ ಕೇಳುತ್ತಾರೆ, ಕೊಡದಿದ್ದರೆ ಅಷ್ಟೇ ಮುನಿಸು.

ನಮ್ಮ ಮನೆಯಲ್ಲಿ ಹಾಗೆ ನಿಂತದ್ದು ನನ್ನ ಗಂಡ.

ನನ್ನನ್ನು ಓದುವವರಿಗೆ ನನ್ನ ಕಥೆ ಗೊತ್ತೇ ಇದೆ. ರಾಯಚೂರಿನಲ್ಲಿ ಬಾಡಿಗೆ ಮನೆ, ಬೆಳಿಗ್ಗೆ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತೇನೆ, ಮಧ್ಯಾಹ್ನ ಕೈ ತೊಳೆದುಕೊಂಡು ಈ ಬ್ಲಾಗಿಗೆ ಬಂದು ನಿಮ್ಮ ತಲೆ ತಿನ್ನುತ್ತೇನೆ. ನನ್ನ ಗಂಡನ ಬಗ್ಗೆ ಮಾತ್ರ ಇದುವರೆಗೆ ಹೆಚ್ಚು ಬರೆದಿಲ್ಲ. ಅವರು ಒಬ್ಬ ಗುತ್ತಿಗೆದಾರನ ಬಸ್ಸಿಗೆ ಡ್ರೈವರ್ ಆಗಿದ್ದರು. ರಾಯಚೂರಿನಿಂದ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಪಾಳಿಗೆ ಹೋಗುವ ಜನರನ್ನು ಕರೆದುಕೊಂಡು ಹೋಗಿ, ಇಳಿದವರನ್ನು ಕರೆದುಕೊಂಡು ಬರುವುದು. ಮದುವೆಯಾದಾಗಿನಿಂದ ನಾನು ಅವರು ಸ್ಟೀರಿಂಗ್ ಬಿಟ್ಟು ಬೇರೇನನ್ನೂ ಅಷ್ಟು ಗಟ್ಟಿಯಾಗಿ ಹಿಡಿದದ್ದು ನೋಡಿಲ್ಲ.

ಈ ಮನುಷ್ಯನಿಗೆ ಒಂದು ಚಟವಿತ್ತು. ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವಲ್ಲಿ ಬಸ್ಸನ್ನು ಪೂರಾ ನಿಲ್ಲಿಸುವುದು. ನಿಧಾನ ಮಾಡುವುದಷ್ಟೇ ಆಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಪೂರಾ ನಿಲ್ಲಿಸಿ, ಆ ಕಡೆ ನೋಡಿ, ಈ ಕಡೆ ನೋಡಿ, ದೂರದಲ್ಲಿ ಒಂದು ಸೈಕಲ್ ಬರುತ್ತಿದ್ದರೂ ಅದು ದಾಟುವವರೆಗೆ ಕಾಯುವುದು. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ಹೊಡೆದು ಸಾಯುತ್ತಿದ್ದವು. ಬಸ್ಸಿನಲ್ಲಿದ್ದವರು, “ಡ್ರೈವರಪ್ಪಾ, ನಾವು ಇಳ್ದು ಚಾ ಕುಡ್ಕೊಂಡು ಬರ್ತೀವಿ, ಆಮ್ಯಾಲ ಹೋಗೋಣು” ಅಂತ ಕಾಡಿಸುತ್ತಿದ್ದರು. ಇವರು ನಕ್ಕು, “ಕುಡ್ಕೊಂಡು ಬರ್ರಿ, ನನಗೂ ಒಂದು ತರ್ರಿ” ಅನ್ನುತ್ತಿದ್ದರು. ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವಾಗಲೂ ಅದೇ ಆಟ. ನಾನೊಮ್ಮೆ ರೇಗಿದ್ದಕ್ಕೆ ಹೇಳಿದ್ದರು, “ನಾವು ಸಣ್ಣ ರಸ್ತಿಯಿಂದ ಬರಾಕತ್ತೀವಿ. ದೊಡ್ಡ ರಸ್ತಿಯವರು ಹೋಗೂತನಾ ದಾರಿ ಅವರ್ದು. ಇದರಾಗ ಸಿಟ್ಟ್ಯಾಗೋದೇನದ?”

ನೆನಪಿಟ್ಟುಕೊಳ್ಳಿ. ಇಂಥ ಮನುಷ್ಯನ ಮೇಲೆ ಬಿದ್ದ ಕೇಸು ಯಾವುದು ಗೊತ್ತಾ? ಸಣ್ಣ ರಸ್ತೆಯಿಂದ ಬಂದು, ನಿಲ್ಲಿಸದೆ, ದಾರಿ ಬಿಡದೆ ದೊಡ್ಡ ರಸ್ತೆಗೆ ನುಗ್ಗಿದ್ದು.

ಅಂದು ಅವರಿಗೆ ರಜೆ. ರಜೆಯ ದಿನ ಅಡುಗೆಮನೆ ಅವರದು. ಮಂಡಕ್ಕಿ ಒಗ್ಗರಣಿ ಮಾಡಿಟ್ಟು ಮಿರ್ಚಿ ಕರಿಯುತ್ತಿದ್ದರು. ಕಡಲೆಹಿಟ್ಟಿನ ಕೈಯಲ್ಲೇ ಫೋನ್ ಎತ್ತಬೇಕಾಯಿತೆಂದು ನನ್ನನ್ನು ಕರೆದು ಸ್ಪೀಕರ್ ಹಾಕಿಸಿದರು. ಹಾಗಾಗಿ ಎಲ್ಲವನ್ನೂ ನಾನು ನನ್ನ ಕಿವಿಯಿಂದಲೇ ಕೇಳಿದೆ.

ಫೋನಿನಲ್ಲಿದ್ದದ್ದು ನನ್ನ ಮೈದುನ, ಇವರ ಬೆನ್ನಿಗೆ ಹುಟ್ಟಿದವನು. ಮಾನ್ವಿಯಲ್ಲಿ ಅವನದು ರೈತರ ಕಾಳು ಮಾರಿಸಿ ಕಮಿಷನ್ ಪಡೆಯುವ ಅಡತಿ ಅಂಗಡಿ. ಮಾವನವರು ಕಟ್ಟಿದ ಅಂಗಡಿ ಅದು. ಅವನು ಲೆಕ್ಕದಲ್ಲಿ ಚುರುಕು ಅಂತ ಅವನಿಗೇ ಹೋಯಿತು. ಇವರು ಸ್ಟೀರಿಂಗ್ ಹಿಡಿದರು. ಅದರ ಬಗ್ಗೆ ಇವರು ಒಂದು ದಿನವೂ ಗೊಣಗಿದವರಲ್ಲ, ಆ ಕೆಲಸವನ್ನು ಇವರ ಪರವಾಗಿ ನಾನು ಮಾಡಿದ್ದೇನೆ.

“ಅಣ್ಣಾ, ಒಂದು ಸಣ್ಣ ಎಡವಟ್ಟಾಗ್ಯದ,” ಅಂದ. “ಅರಕೇರಾ ಕಡಿ ತೊಗರಿ ನೋಡಾಕ ಬಂದಿದ್ದೆ. ವಾಪಸ್ ಬರೋವಾಗ ಕ್ರಾಸಿನ್ಯಾಗ ಒಬ್ಬಾಕಿ ಸ್ಕೂಟಿ ಮ್ಯಾಲ ಅಡ್ಡ ಬಂದ್ಲು.”

“ಆಕಿ ಅಡ್ಡ ಬಂದ್ಲೋ, ನೀ ಅಡ್ಡ ಹೋದ್ಯೋ?” ಇವರು ಕೇಳಿದರು.

“ಏ, ಈಗ ಅದೆಲ್ಲಾ ಯಾಕಣ್ಣಾ?”

“ದೇವದುರ್ಗ ರಸ್ತಿ ಮ್ಯಾಲ ಇದ್ದಾಕಿ ಆಕಿನಾ?”

“ಹ್ಞೂಂ.”

“ಮತ್ತ ನಿಂದ್ರಬೇಕಾದಾವ ನೀನ ಅಲ್ಲೇನ್ಲೇ?”

ಆಮೇಲೆ ವಿಷಯ ಹೊರಗೆ ಬಂತು. ಆ ಹೆಣ್ಣುಮಗಳನ್ನು ಯಾರೋ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದಾರೆ. ಕಾಲು ಮುರಿದಿದೆ. ಜೀವಕ್ಕೆ ಅಪಾಯವಿಲ್ಲ. ಆದರೆ ಇವನ ಲೈಸೆನ್ಸ್ ಅವಧಿ ಮುಗಿದು ಎಷ್ಟೋ ವರ್ಷವಾಗಿದೆ. ‘ನಾಳೆ ಮಾಡಿಸಿದರಾಯಿತು’ ಅಂತ ಬಿಟ್ಟಿದ್ದಾನೆ. ಲೈಸೆನ್ಸ್ ಇಲ್ಲದವನು ಓಡಿಸಿದ ಅಂತಾದರೆ ವಿಮೆಯವರು ಪರಿಹಾರದ ದುಡ್ಡನ್ನು ಅವನ ಕೈಯಿಂದ ಕಕ್ಕಿಸುತ್ತಾರೆ.

“ಲೈಸನ್ಸ್ ಇದ್ದೋರು ಒಬ್ರು ಬೇಕಣ್ಣಾ, ಹೆಸರಿಗಷ್ಟ. ನೀ ಠಾಣೆಗೆ ಬಂದು ನಾನ ಓಡಸ್ತಿದ್ದೆ ಅಂದುಬಿಡು. ಅಲ್ಲೇ ಜಾಮೀನು ಕೊಡ್ತಾರ. ಸಂಜಿಗೆ ಮನಿಗೆ ಹೋಗ್ತಿ.”

ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿತ್ತು, ನಾನು ಒಲೆ ಆರಿಸಿದೆ. ಫೋನ್ ಇಟ್ಟರೋ ಇಲ್ಲವೋ, ಮಾನ್ವಿಯಿಂದ ಅತ್ತೆಯ ಫೋನ್ ಬಂತು. ಮಗ ಮೊದಲು ತಾಯಿಗೇ ಹೇಳಿಟ್ಟಿದ್ದ ಅಂತ ನನಗೆ ಆಗಲೇ ಗೊತ್ತಾಯಿತು.

“ಯಪ್ಪಾ, ನಿನ್ನ ತಮ್ಮ ಅಲ್ಲೇನೋ,” ಅಂದರು. “ಅವ ನಾಕು ಮಂದ್ಯಾಗ ಕುಂದರೋ ಮನಷ್ಯಾ. ಠಾಣೆ ಮೆಟ್ಲ ಹತ್ತಿದ್ರ ಅವನ ಮಾನ ಏನಾಗಬೇಕು?”

ನನಗೆ ತಡೆಯಲಾಗಲಿಲ್ಲ. “ಇವರಿಗೆ ಮಾನ ಇಲ್ಲೇನ್ರಿ ಅತ್ತಿ?”

“ನೀ ಸುಮ್ಕಿರವ್ವಾ. ಡ್ರೈವರ್ ಮಂದಿಗೆ ಇವೆಲ್ಲಾ ಮಾಮೂಲಿ ಇರ್ತಾವ.”

ಡ್ರೈವರ್ ಮಂದಿಗೆ ಇವೆಲ್ಲಾ ಮಾಮೂಲಿ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇದೆ. ಹೆತ್ತ ತಾಯಿ ಒಬ್ಬ ಮಗನ ಮಾನವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಇನ್ನೊಬ್ಬನದನ್ನು ರಸ್ತೆಗೆ ಹಾಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. “ಹೋಗಬ್ಯಾಡ್ರಿ. ನಿಮ್ಮ ಹೊಟ್ಟಿಪಾಡು ಆ ಲೈಸನ್ಸ್ ಮ್ಯಾಲ ಅದ. ಅವಂದು ಹೋದ್ರ ಅಂಗಡಿ ಅದ, ನಿಮ್ದು ಹೋದ್ರ ಏನದ?” ಅಂದೆ.

“ಅವ್ವ ಹೇಳ್ಯಾಳ,” ಅಂದರು. ಅಷ್ಟೇ. ಕೈ ತೊಳೆದುಕೊಂಡು ಬೈಕ್ ಹತ್ತಿ ದೇವದುರ್ಗಕ್ಕೆ ಹೋದರು.

ಠಾಣೆಯಲ್ಲಿ ಇವರು ಹೇಳಿದ್ದನ್ನು ಬರೆದುಕೊಂಡರು. ನಾನೇ ಓಡಿಸಿದೆ ಅಂತ ಒಬ್ಬ ಮನುಷ್ಯ ತಾನಾಗಿ ಬಂದು ನಿಂತಾಗ ಯಾರು ಅನುಮಾನ ಪಡುತ್ತಾರೆ? ಅಜಾಗರೂಕತೆಯಿಂದ ಓಡಿಸಿದ್ದು, ಅದರಿಂದ ಒಬ್ಬರಿಗೆ ಭಾರಿ ಗಾಯ ಮಾಡಿದ್ದು, ಎರಡು ಕಲಂ. ಜಾಮೀನು ಅಲ್ಲೇ ಸಿಕ್ಕಿತು. ಮೈದುನ ಹೇಳಿದ ಹಾಗೆ ಸಂಜೆಗೆ ಮನೆಗೂ ಬಂದರು. ಲೈಸೆನ್ಸ್ ಮಾತ್ರ ಅಲ್ಲೇ ಉಳಿಯಿತು.

ಎರಡು ದಿನ ಬಿಟ್ಟು ಇವರು ಹಣ್ಣು ಕಟ್ಟಿಸಿಕೊಂಡು ಆಸ್ಪತ್ರೆಗೆ ಹೊರಟರು. ನಾನೂ ಸೀರೆ ಉಟ್ಟು ನಿಂತಿದ್ದೆ. ಆ ಹೆಣ್ಣುಮಗಳು ಬಟ್ಟೆ ಹೊಲಿಯುವಾಕೆ, ಹೊಲಿದ ಕುಪ್ಪಸಗಳ ಗಂಟನ್ನು ದೇವದುರ್ಗದ ಅಂಗಡಿಗೆ ಕೊಡಲು ಹೋಗುತ್ತಿದ್ದಳು ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಮುರಿದದ್ದು ಬಲಗಾಲು. ಮೈದುನನಿಗೆ ಸುದ್ದಿ ಹೇಗೆ ಹೋಯಿತೋ, ಫೋನ್ ಬಂತು.

“ಅಣ್ಣಾ, ಹುಚ್ಚಾಗಿಯೇನು? ನಿನ್ನ ಮಾರಿ ನೋಡಿದ್ರ ಇವ ಅಲ್ಲ ಅಂತ ಆಕಿ ಹೇಳಿಬಿಡ್ತಾಳ. ಎಲ್ಲಾ ಕೆಡ್ತದ. ಹೋಗಬ್ಯಾಡ.”

ಹಣ್ಣಿನ ಚೀಲ ಬಾಗಿಲ ಹಿಂದೆಯೇ ಉಳಿಯಿತು. ತಿನ್ನಲು ಇಬ್ಬರಿಗೂ ಮನಸ್ಸಾಗಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತೀ ಹೇಸಿಗೆ ಅನ್ನಿಸಿದ್ದು ಇದು. ಮಾಡದ ತಪ್ಪನ್ನು ಹೊತ್ತುಕೊಂಡವರಿಗೆ, ತಪ್ಪು ಮಾಡಿದವನು ಮಾಡಬೇಕಾದ ಕನಿಷ್ಠ ಕೆಲಸವನ್ನೂ ಮಾಡಲು ಬಿಡಲಿಲ್ಲ.

ಆಮೇಲೆ ಆರ್‌ಟಿಒ ಕಚೇರಿಯಿಂದ ನೋಟಿಸು. ನಿಮ್ಮ ಲೈಸೆನ್ಸ್ ಯಾಕೆ ಅಮಾನತು ಮಾಡಬಾರದು, ಕಾರಣ ಹೇಳಿ. ಏನು ಕಾರಣ ಹೇಳುತ್ತಾರೆ? ‘ಸ್ವಾಮಿ, ಆ ಹೊತ್ತಿಗೆ ನಾನು ಮಿರ್ಚಿ ಕರಿಯುತ್ತಿದ್ದೆ’ ಅನ್ನಲು ಬರುತ್ತದಾ? ತಲೆ ತಗ್ಗಿಸಿ ನಿಂತು ಬಂದರು. ಕೆಲವು ತಿಂಗಳು ಲೈಸೆನ್ಸ್ ಅಮಾನತಾಯಿತು. ಗುತ್ತಿಗೆದಾರ ಆರಂಭದಲ್ಲಿ ಒಳ್ಳೆಯ ಮಾತೇ ಆಡಿದ. “ಲೈಸನ್ಸ್ ಬಂದ ಮ್ಯಾಲ ಬರ್ರಿ, ನಿಮ್ಮಂಥ ಡ್ರೈವರ್ ಎಲ್ಲಿ ಸಿಗ್ತಾರ” ಅಂದ. ನಾವು ಅದನ್ನೇ ನಂಬಿಕೊಂಡು ಕೂತೆವು. ಬಸ್ಸಿಗೆ ಹೊಸ ಹುಡುಗ ಬಂದ. ಬಸ್ಸಿನವರು ಮೊದಲ ವಾರ ಫೋನ್ ಮಾಡಿ, “ಅಣ್ಣಾ, ನೀವ ಛಲೋ ಇದ್ರಿ. ಈ ಹುಡುಗ ವಿಮಾನ ಹಾರಸ್ತಾನ” ಅಂತ ಗೋಳಾಡಿದರು. ಎರಡನೇ ವಾರ ಬೇಗ ಮನೆ ಮುಟ್ಟುತ್ತಿದ್ದೇವೆ ಅಂತ ಖುಷಿಯಾಗಿದ್ದರು ಅಂತ ಕಾಣುತ್ತದೆ, ಫೋನ್ ನಿಂತವು.

ದೇವದುರ್ಗದ ಕೋರ್ಟಿನಲ್ಲಿ ತಾರೀಖು ಶುರುವಾದವು. ಮೈದುನ ಗೊತ್ತುಮಾಡಿದ ವಕೀಲರು ಒಂದು ದಿನ ಇವರನ್ನು ಪಕ್ಕಕ್ಕೆ ಕರೆದು ಹೇಳಿದರು, “ನೋಡ್ರಿ, ಎಳಕೊಂತ ಹೋದ್ರ ವರ್ಷಗಟ್ಲೆ ನಡಿತದ. ಒಪ್ಕೊಂಡ್ರ ದಂಡ ಹಾಕಿ ಬಿಡ್ತಾರ. ಇವತ್ತ ಮುಗೀತದ.”

ನಾನು ಕೇಳಿದೆ, “ಆಕಿ ಕೂಡ ಮಾತಾಡಿ ರಾಜಿ ಮಾಡ್ಕೊಂಡ್ರ ಕೇಸ ಹೋಗಂಗಿಲ್ಲೇನ್ರಿ ಸರ್?”

“ಗಾಯದ ಕಲಂಗೆ ಕೋರ್ಟ್ ಅನುಮತಿ ಕೊಟ್ರ ರಾಜಿ ಆಗ್ತದ್ರಿ ಅಕ್ಕಾರ. ಅಜಾಗರೂಕತಿ ಕಲಂಗೆ ರಾಜಿ ಇಲ್ಲ. ಅದು ಸರ್ಕಾರಕ್ಕೂ ಇವರಿಗೂ ಬಿಟ್ಟಿದ್ದು.”

ಮೈದುನ ಪಕ್ಕದಲ್ಲೇ ನಿಂತಿದ್ದ. “ಒಪ್ಕೊಂಡುಬಿಡಣ್ಣಾ. ದಂಡ ನಾ ಕಟ್ತೀನಿ. ಒಂದ ದಿನದ ಮಾತು.”

ನಾವು ಮಾಡಿದ ಎರಡನೇ ಮೂರ್ಖತನ ಇದು. ದಂಡ ಕಟ್ಟುವುದು ಅಂದರೆ ನಮ್ಮ ಜನಕ್ಕೆ ಕರೆಂಟ್ ಬಿಲ್ ಕಟ್ಟಿದ ಹಾಗೆ, ಕಟ್ಟಿದ ಮೇಲೆ ಬಾಕಿ ಇಲ್ಲ. ಹಾಗಿಲ್ಲ ಸ್ವಾಮಿ ಅದು. ಒಪ್ಪಿಕೊಂಡು ದಂಡ ಕಟ್ಟಿದರೆ ನೀವು ಶಿಕ್ಷೆಯಾದ ಅಪರಾಧಿ. ಮುಗಿಯುವುದು ಕೋರ್ಟಿನ ತಾರೀಖು ಮಾತ್ರ.

ಒಳಗೆ ಆರೋಪ ಓದಿ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಪಕ್ಕದ ರಸ್ತೆಯಿಂದ ಬಂದು, ಮುಖ್ಯ ರಸ್ತೆಯ ವಾಹನಕ್ಕೆ ದಾರಿ ಬಿಡದೆ, ನಿಲ್ಲಿಸದೆ, ಎದುರಿಗೆ ಬರುವವರ ಜೀವದ ಪರಿವೆಯಿಲ್ಲದೆ ಓಡಿಸಿದ್ದೀರಿ. ಒಂದೊಂದು ಮಾತು ಬಿದ್ದಾಗಲೂ ಇವರ ಹೆಗಲು ಇಷ್ಟಿಷ್ಟೇ ಕುಗ್ಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಕಳ್ಳತನ ಮಾಡಿದ್ದೀರಿ ಅಂದಿದ್ದರೂ ಅಷ್ಟು ನಾಚಿಕೆಪಡುತ್ತಿರಲಿಲ್ಲವೇನೋ. ತಪ್ಪು ಒಪ್ಪಿಕೊಳ್ಳುತ್ತೀರಾ ಅಂತ ಕೇಳಿದಾಗ ಇವರ ದನಿ ಹೊರಗೇ ಬರಲಿಲ್ಲ. ಇನ್ನೊಮ್ಮೆ ಕೇಳಿದರು.

“ಹೌದ್ರಿ ಸಾಹೇಬ್ರ,” ಅಂದರು.

ಹೊರಗೆ ಬಂದ ಮೇಲೆ ಮೈದುನ ಹೋಟೆಲಿಗೆ ಕರೆದುಕೊಂಡು ಹೋಗಿ ಪೂರಿ ತರಿಸಿದ. “ವೈನಿ, ತಿನ್ರಿ. ಮುಗೀತಲ್ಲ, ಮಾರಿ ಯಾಕ ಸಣ್ಣ ಮಾಡ್ಕೊಂಡೀರಿ?” ಅಂದ. ಅವನು ಎರಡು ತಟ್ಟೆ ತಿಂದ. ಇವರು ನೀರು ಕುಡಿದರು.

ಲೈಸೆನ್ಸ್ ಅಮಾನತು ಮುಗಿದು ವಾಪಸ್ ಬಂದ ದಿನ ಇವರು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಗುತ್ತಿಗೆದಾರನ ಹತ್ತಿರ ಹೋದರು. ಮಧ್ಯಾಹ್ನಕ್ಕೆ ತಿರುಗಿ ಬಂದರು. ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಾ ಹೇಳಿದರು, “ಶಿಕ್ಷಾ ಆದ ಡ್ರೈವರ್ ಪೊಲೀಸ್ ಪರಿಶೀಲನಾದಾಗ ಪಾಸ್ ಆಗಂಗಿಲ್ಲಂತ. ಅವನೇನು ಮಾಡ್ತಾನ ಪಾಪ.”

‘ಪಾಪ’ ಅಂತೆ! ಊರಿನವರಿಗೆಲ್ಲ ಪಾಪ ಅನ್ನುವ ಈ ಮನುಷ್ಯನಿಗೆ ಯಾರೂ ಪಾಪ ಅನ್ನಲಿಲ್ಲ. ಬೇರೆ ಕಡೆಯೂ ಕೇಳಿದರು. ಶಾಲೆಗಳಲ್ಲಿ ಕೇಳಿದರು. ಎಲ್ಲ ಕಡೆ ಮೊದಲ ಪ್ರಶ್ನೆಯೇ, ಕೇಸ್ ಏನಾದರೂ ಇದೆಯಾ? ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದರು, ಅದು ಅವರನ್ನು ಮುಗಿಸಿತ್ತು.

ಇಷ್ಟರಲ್ಲಿ ಪರಿಹಾರದ ಕೇಸು ರಾಯಚೂರಿನಲ್ಲಿ ನಡೆಯುತ್ತಿತ್ತು. ಆ ಹೆಣ್ಣುಮಗಳು ಹಾಕಿದ್ದು, ಕಾರಿನ ಮಾಲೀಕ, ಓಡಿಸಿದವನು ಮತ್ತು ವಿಮೆಯವರ ಮೇಲೆ. ಓಡಿಸಿದವನು ಅಂದರೆ ನಮ್ಮವರು. ಸಾಕ್ಷಿ ಹೇಳಲು ಕರೆ ಬಂದ ದಿನ ನಾನೂ ಜೊತೆಗೆ ಹೋದೆ. ವರಾಂಡದಲ್ಲಿ ಕೂತಿದ್ದೆವು. ಮೈದುನ ಚಹಾ ಕುಡಿಯಲು ಹೊರಗೆ ಹೋಗಿದ್ದ. ಆಗ ಆಕೆ ಬಂದಳು.

ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಮೂವತ್ತರ ಆಸುಪಾಸು. ಕಂಕುಳಲ್ಲಿ ಊರುಗೋಲು. ಬಲಗಾಲು ನೆಲಕ್ಕೆ ತಾಗುತ್ತಿತ್ತು, ಆದರೆ ಊರುತ್ತಿರಲಿಲ್ಲ. ನಮ್ಮ ಮುಂದೆ ನಿಂತು, ಇವರ ಮುಖವನ್ನು ಒಂದು ಸಲ ಸರಿಯಾಗಿ ನೋಡಿದಳು.

“ನೀವಲ್ಲ ಅಂತ ನನಗ ಗೊತ್ತದ್ರಿ ಅಣ್ಣಾರ,” ಅಂದಳು.

ಇವರು ಎದ್ದು ನಿಂತರು.

“ನಾ ರಸ್ತಿ ಮ್ಯಾಲ ಬಿದ್ದಾಗ ಕಾರಿನಾಗಿಂದ ಇಳದವರು ನನ್ನ ಎಬ್ಬಸಲಿಲ್ರಿ. ಕಣ್ಣು ಕಾಣಂಗಿಲ್ಲೇನು, ಗಾಡಿ ಹೊಡ್ಯಾಕ ಯಾರು ಕಲಿಸ್ಯಾರ ಅಂತ ಬೈದ್ರು. ಬಿದ್ದಾಗ ಮುಂದ ನಿಂತು ಬೈದವ್ರ ಮಾರಿ ಮರೀತದೇನ್ರಿ? ಈಗ ಹೊರಗ ಚಾ ಕುಡ್ಯಾಕತ್ತಾರಲ್ಲ, ಅವರು.”

ಇವರು ಬೆಂಚಿನಲ್ಲಿ ಜಾಗ ತೋರಿಸಿದರು, ಆಕೆ ಕೂರಲಿಲ್ಲ.

ಆಕೆ ದನಿ ತಗ್ಗಿಸಿದಳು. “ಒಳಗ ನಾ ನಿಮ್ಮನ್ನ ತೋರಿಸ್ತೀನ್ರಿ. ಇವರ ಗುದ್ದಿದ್ದು ಅಂತೀನಿ. ಕಾಗದದಾಗ ಇದ್ದಂಗ ಹೇಳದಿದ್ರ ಕೇಸ ಬೀಳ್ತದಂತ ನಮ್ಮ ವಕೀಲರು ಹೇಳ್ಯಾರ. ಮಿಶನ್ ತುಳ್ಯಾಕ ಆಗಂಗಿಲ್ರಿ ನನಗ ಈಗ. ಮೋಟಾರ್ ಹಾಕ್ಸಬೇಕು, ಕಾಲಿಂದು ಇನ್ನೊಂದು ಆಪರೇಶನ್ ಅದ. ಸಿಟ್ಟ್ಯಾಗಬ್ಯಾಡ್ರಿ.”

ಸಿಟ್ಟಾಗಬೇಡಿ ಅಂತ ಅವಳು ನಮ್ಮನ್ನು ಕೇಳಿಕೊಂಡಳು! ಕಾಲು ಮುರಿಸಿಕೊಂಡವಳು ಬಂದು, ಮುರಿಯದವನ ಹತ್ತಿರ ಕ್ಷಮೆ ಕೇಳುವ ಹಾಗೆ ಮಾಡಿದ್ದು ಯಾವ ದೊಡ್ಡ ಅಪರಾಧಿಯೂ ಅಲ್ಲ, ಚಹಾ ಕುಡಿಯಲು ಹೋದ ನಮ್ಮ ಮನೆಯ ಹುಡುಗ.

ಇವರು ಹೇಳಿದರು, “ನನ್ನ ತೋರಸವ್ವಾ. ಏನೂ ತಿಳ್ಕೊಳ್ಳಂಗಿಲ್ಲ ನಾ. ಆಸ್ಪತ್ರಿಗೆ ಬರಬೇಕಂತ ಹೊಂಟಿದ್ದೆ, ಬರಾಕ ಆಗಲಿಲ್ಲ.”

ಅವಳು ತಲೆ ಆಡಿಸಿ, ಕೋಲು ಊರುತ್ತಾ ಹೋಗಿ ತನ್ನ ವಕೀಲರ ಪಕ್ಕ ಕೂತಳು. ಮೈದುನ ಬಂದು ಇವರ ಕಿವಿಯಲ್ಲಿ ಹೇಳಿದ, “ಅಣ್ಣಾ, ನಿನ್ನ ಕೇಳಿದಾಗ ಆಕಿ ಜೋರು ಬರ್ತಿದ್ಲು ಅನ್ನು. ಹೆಲ್ಮೆಟ್ ಇದ್ದಿದ್ದಿಲ್ಲ ಅನ್ನು. ಆಕಿದೂ ತಪ್ಪು ಅದ ಅಂತ ಆದ್ರ ವಿಮಾದವ್ರಿಗೆ ಹಗುರ ಆಗ್ತದ, ನಮ್ಮನ್ನ ಕೆದಕಂಗಿಲ್ಲ.”

ಒಳಗೆ ಆಕೆ ಹೇಳಿದ ಹಾಗೆಯೇ ಇವರತ್ತ ಕೈ ತೋರಿಸಿದಳು. ತೋರಿಸುವಾಗ ಮುಖ ನೋಡಲಿಲ್ಲ. ಆಮೇಲೆ ಇವರ ಸರದಿ. ವಿಮೆಯವರ ವಕೀಲರು ನಯವಾಗಿ ಕೇಳಿದರು. ಸ್ಕೂಟಿ ವೇಗವಾಗಿ ಬರುತ್ತಿತ್ತು ಅಲ್ಲವೇ? ಕಾರು ಬರುವುದು ಕಂಡರೂ ಆಕೆ ನಿಲ್ಲಿಸಲಿಲ್ಲ ಅಲ್ಲವೇ? ಮೈದುನ ಇವರನ್ನೇ ದಿಟ್ಟಿಸಿ ನೋಡುತ್ತಿದ್ದ.

“ಇಲ್ರಿ,” ಅಂದರು ಇವರು. “ಆಕಿ ಯಾಕ ನಿಂದ್ರಬೇಕು? ಆಕಿ ದೊಡ್ಡ ರಸ್ತಿ ಮ್ಯಾಲ ಇದ್ಲು. ದಾರಿ ಆಕಿದು. ನಿಂದ್ರಬೇಕಾಗಿದ್ದು ಕಾರು.”

ವಕೀಲರು ಇನ್ನೊಂದು ರೀತಿ ಕೇಳಿದರು. ಇವರು ಮತ್ತೆ ಅದನ್ನೇ ಹೇಳಿದರು. ಅವತ್ತು ಆ ಕಟಕಟೆಯಲ್ಲಿ ಇವರ ಬಾಯಿಂದ ಬಂದ ನಿಜ ಅದೊಂದೇ. ಹೇಳುವಾಗ ದನಿ ಮೊದಲಿನ ಹಾಗೆ, ಬಸ್ಸಿನಲ್ಲಿ ಕೂಗಿ ಹೇಳುತ್ತಿದ್ದ ಹಾಗೆ ಗಟ್ಟಿಯಾಗಿತ್ತು.

ಹೊರಗೆ ಬಂದ ಮೇಲೆ ಮೈದುನ ಹಲ್ಲು ಕಡಿದ. “ಏನಣ್ಣಾ ನೀ, ಹೇಳಿದಷ್ಟು ಹೇಳಾಕ ಏನಾಗಿತ್ತು?” ತಿಂಗಳುಗಳ ಮೇಲೆ ಆಕೆಗೆ ಪರಿಹಾರ ಬಂತು ಅಂತ ಗೊತ್ತಾಯಿತು. ವಿಮೆಯವರೇ ಕೊಟ್ಟರು. ಮೈದುನನ ಕೈ ಜೇಬಿಗೆ ಹೋಗಲಿಲ್ಲ.

ಇನ್ನೊಂದು ಮಾತು ಕೇಳಿ, ಇದನ್ನು ಕೇಳಿದ ದಿನ ನಾನು ರೊಟ್ಟಿ ಬಡಿಯಲಿಲ್ಲ. ರೊಟ್ಟಿ ಕೊಡುವ ಮನೆಯೊಂದರಲ್ಲಿ ವಕೀಲೆ ಇದ್ದಾರೆ, ಈ ಕೇಸಿಗೆ ಸಂಬಂಧವಿಲ್ಲದವರು. ಯಾರದೋ ಕಥೆ ಅನ್ನುವ ಹಾಗೆ ಕೇಳಿದೆ. ಅವರು ಹೇಳಿದರು, ಇಂಥ ಎಷ್ಟೋ ಕೇಸುಗಳಲ್ಲಿ ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೂ ವಿಮೆಯವರು ಮೊದಲು ಗಾಯವಾದವರಿಗೆ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು ಅಂತ ಕೋರ್ಟು ಹೇಳುತ್ತದಂತೆ. ಅಂದರೆ ಮೊದಲ ದಿನವೇ ನಿಜ ಹೇಳಿದ್ದರೂ ಆ ಹೆಣ್ಣುಮಗಳಿಗೆ ಸಿಗುವ ಸಾಧ್ಯತೆ ಇತ್ತು. “ಮತ್ತ ಈಗ ಖರೇ ಹೇಳಿದ್ರ?” ಅಂದೆ. “ಈಗ ಹೇಳಿದ್ರ ಸುಳ್ಳು ಸಾಕ್ಷಿ ಹೇಳಿದ್ದಕ್ಕ ಇನ್ನೊಂದು ಕೇಸ್ರಿ ಅಕ್ಕಾ,” ಅಂದರು. ಹಾಗಾದರೆ ನಮ್ಮ ಸುಳ್ಳು ಉಳಿಸಿದ್ದು ಯಾರನ್ನು? ಅವಳನ್ನು ಅಲ್ಲ, ಇವರನ್ನು ಅಂತೂ ಅಲ್ಲ. ಮಾನ್ವಿಯ ಅಡತಿ ಅಂಗಡಿಯನ್ನು, ಅಷ್ಟೇ.

ಇದನ್ನೆಲ್ಲ ಇಲ್ಲಿ ಬರೆಯಲಾ ಅಂತ ಇವರನ್ನು ಕೇಳಿದೆ. “ಬರಿ. ನಂದು ಹೋಗೋದು ಇನ್ನೇನದ? ಆಕಿಗೆ ತೊಂದ್ರಿ ಆಗದಂಗ ಬರಿ,” ಅಂದರು. ಆಕೆಯ ಬಗ್ಗೆ ಒಂದೆರಡು ವಿವರ ಬದಲಿಸಿದ್ದೇನೆ. ಮೈದುನನ ಬಗ್ಗೆ ಏನೂ ಬದಲಿಸಿಲ್ಲ.

ಇವರು ಈಗ ಒಂದು ಶಾಲೆಯ ವ್ಯಾನಿನಲ್ಲಿ ಅಟೆಂಡರ್. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಬಾಗಿಲು ಹಾಕುವುದು. ಓಡಿಸುವವನು ಬೇರೆ. ಮೈದುನ ಹೊಸ ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ. ಒಂದು ಕಲೆ ಇಲ್ಲ ಅದರ ಮೇಲೆ, ಕನ್ನಡಿ ಹಾಗಿದೆ.

ಕಳೆದ ತಿಂಗಳು ಬಾಗಲವಾಡದಲ್ಲಿ ನೆಂಟರ ಮನೆಯ ನಾಮಕರಣ. ಬಸ್ಸಿನಲ್ಲಿ ಹೋಗಿದ್ದೆವು. ವಾಪಸ್ ಬರುವಾಗ ಅತ್ತೆ ಹಟ ಹಿಡಿದರು, ಮಾನ್ವಿಯವರೆಗೆ ಕಾರಿನಲ್ಲೇ ಬರಬೇಕು, ಮಂದಿ ನೋಡುತ್ತಾರೆ, ಅಣ್ಣತಮ್ಮ ಒಡೆದಿದ್ದಾರೆ ಅನ್ನುತ್ತಾರೆ. ಅದೇ ಕಾರು. ಮುಂದಿನ ಬಂಪರ್ ಹೊಸದು ಹಾಕಿಸಿದ್ದಾನೆ. ಮೈದುನ ಓಡಿಸುತ್ತಿದ್ದ, ಪಕ್ಕದಲ್ಲಿ ಇವರು, ಹಿಂದೆ ನಾನು ಮತ್ತು ಅತ್ತೆ.

ಊರ ದಾರಿ ಮುಗಿದು ದೊಡ್ಡ ರಸ್ತೆ ಸೇರುವ ಜಾಗ ಬಂತು. ಬಲಗಡೆಯಿಂದ ಭತ್ತ ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ಮೈದುನ ಫೋನಿನಲ್ಲಿ ರೇಟು ಮಾತಾಡುತ್ತಿದ್ದ. ಕಾರಿನ ವೇಗ ಇಳಿಯಲೇ ಇಲ್ಲ. ನಾನು ಇವರ ಕಾಲು ನೋಡಿದೆ. ಚಪ್ಪಲಿ ಹಾಕಿದ ಬಲಗಾಲು ಮುಂದೆ ಚಾಚಿ, ಬೆರಳುಗಳೆಲ್ಲ ಬಿಗಿಯಾಗಿ, ಮ್ಯಾಟಿನ ಮೇಲೆ ಪೂರ್ತಿ ಬಲ ಹಾಕಿ ಒತ್ತುತ್ತಿದ್ದರು. ಟ್ರ್ಯಾಕ್ಟರಿನವನು ಬ್ರೇಕ್ ಹಾಕಿ, ಟ್ರೇಲರ್ ಓಲಾಡಿ, ಎರಡು ಚೀಲ ಕೆಳಗೆ ಬಿದ್ದವು. ಅವನು ಕೂಗಿ ಬೈದದ್ದು ಗಾಜು ಮುಚ್ಚಿದ್ದರೂ ಕೇಳಿಸಿತು.

ಮೈದುನ ಇವರ ಕಾಲು ನೋಡಿ ನಕ್ಕ. “ಅಣ್ಣಾ, ಅಲ್ಲಿ ಬ್ರೇಕ್ ಇಲ್ಲೋ!”

ಅತ್ತೆಯೂ ನಕ್ಕರು.

“ನಿಲ್ಲಸು,” ಅಂದರು ಇವರು.

“ಯಾಕ? ಏನೂ ಆಗಿಲ್ಲಲ್ಲ.”

“ನಿಲ್ಲಸಲೇ ಅಂದ್ರ.”

ಆ ದನಿಯನ್ನು ನಾನು ಮನೆಯಲ್ಲಿ ಒಂದು ದಿನವೂ ಕೇಳಿಲ್ಲ. ಕಾರು ನಿಂತಿತು. ಇವರು ಇಳಿದು ನನ್ನ ಕಡೆಯ ಬಾಗಿಲು ತೆಗೆದರು. ನಾನೂ ಇಳಿದೆ. ಅತ್ತೆ ಇಳಿಯಲಿಲ್ಲ. “ಹಳೇದು ಎಷ್ಟು ದಿನ ಹಿಡ್ಕೊಂಡು ಕುಂದರ್ತೀಯೋ ಯಪ್ಪಾ, ಸಣ್ಣವ ಅವ” ಅಂದರು. ಸಣ್ಣವನಿಗೆ ತಲೆ ಕೂದಲು ನೆರೆತಿದೆ.

ತಮ್ಮ ಗಾಜು ಇಳಿಸಿದ. ಇವರು ಕಿಟಕಿಗೆ ಬಾಗಿ ಅವನಿಗೆ ಹೇಳಿದರು, “ಇನ್ನೊಮ್ಮಿ ಏನರ ಆದ್ರ ನನಗ ಫೋನ್ ಮಾಡಬ್ಯಾಡ. ನಾ ಮನ್ಯಾಗ ಮಿರ್ಚಿ ಕರಿಯಾಕತ್ತಿರ್ತೀನಿ.”

ಅವನು ಗಾಜು ಏರಿಸಿಕೊಂಡು ಹೋದ. ಇವರು ರಸ್ತೆಗೆ ಬಿದ್ದ ಚೀಲಗಳನ್ನು ಟ್ರ್ಯಾಕ್ಟರಿನವನ ಜೊತೆ ಎತ್ತಿ ಟ್ರೇಲರಿಗೆ ಹಾಕಿದರು. ಅವನು ಇನ್ನೂ ಬೈಯುತ್ತಲೇ ಇದ್ದ, ಕಾರಿನಿಂದ ಇಳಿದವರು ಅಂತ ಇವರಿಗೇ ಬೈದ. ಇವರು ಆ ಬೈಗುಳವನ್ನೂ ನಿಂತು ಕೇಳಿಕೊಂಡರು. ಆಮೇಲೆ ಬಸ್ಸು ಬಂತು.

ನಾನು ಬರೆಯುವುದು ಮುಗಿಯಿತು, ಈಗ ನೀವು ಹೇಳಿ. ನಿಮ್ಮ ಮನೆಯಲ್ಲಿ ಯಾರ ಬದಲಿಗೆ ಯಾರು ನಿಂತರು? ನಿಲ್ಲು ಅಂತ ಹೇಳಿದವರು ಯಾರು? ನಿಂತವರು ಈಗ ಏನು ಮಾಡುತ್ತಿದ್ದಾರೆ? ಹೆಸರು, ಊರು ಹಾಕಬೇಡಿ, ‘ಧೈರ್ಯ ತಂದುಕೊಳ್ಳಿ ಅಕ್ಕಾ’ ಅಂತಲೂ ಹಾಕಬೇಡಿ, ಅದು ನನ್ನ ಹತ್ತಿರ ಬೇಕಾದಷ್ಟಿದೆ. ನಡೆದದ್ದನ್ನು ನಡೆದ ಹಾಗೆ ಕೆಳಗೆ ಬರೆಯಿರಿ. ನಾನು ಒಂದೊಂದನ್ನೂ ಇವರಿಗೆ ಓದಿ ಹೇಳುತ್ತೇನೆ.